ಕೆಂಡದ ಮೇಲಿನ ಜಾಲರಿ



ಕಳೆದ ವರ್ಷ ಪಾಸ್ಕ ಹಬ್ಬ ಮುಗಿದಂದಿನಿಂದ ನಮ್ಮ ಗುರುನಿಲಯದ ಹಿತ್ತಲಿನಲ್ಲಿ ಸಂಜೆಯಾದರೆ ಹೊಗೆ ಏಳುತ್ತದೆ, ಮಸಾಲೆಯ ವಾಸನೆ ರಸ್ತೆಯ ತನಕ ಬರುತ್ತದೆ ಎಂಬ ದೂರು ನಮ್ಮ ಕಿವಿಗೂ ಬಿದ್ದಿದೆ. "ನಲವತ್ತು ದಿನದ ಉಪವಾಸವನ್ನು ಸ್ವಾಮಿಗಳು ಬಡ್ಡಿ ಸಮೇತ ವಸೂಲು ಮಾಡುತ್ತಿದ್ದಾರೆ" ಎಂದು ಆಡಿಕೊಂಡವರು ಯಾರೆಂದೂ ನಮಗೆ ಗೊತ್ತು. ಅವರ ಮನೆಗೂ ಎರಡು ತೊಡೆ ಕಳಿಸಿದ್ದೆವು, ಬೇಡವೆನ್ನಲಿಲ್ಲ. ಇರಲಿ. ಆ ಹೊಗೆಯ ಹಿಂದೆ ಒಂದು ಕತೆಯಿದೆ. ಚಳಿ ಕಳೆಯುವ ಮೊದಲೇ ಅದನ್ನು ಹೇಳಿಬಿಡಬೇಕು.

ನಮ್ಮ ತಾಳವಾಡಿ ಸೀಮೆಯನ್ನು ಕಾಣದ ಓದುಗರಿಗೆ ಎರಡು ಮಾತು. ನಾವಿರುವುದು ತಮಿಳುನಾಡಿನ ಈರೋಡು ಜಿಲ್ಲೆಯಲ್ಲಿ, ಮನೆಯಲ್ಲಿ ಆಡುವುದು ಕನ್ನಡ. ಜಿಲ್ಲಾ ಕೇಂದ್ರಕ್ಕೆ ಹೋಗಬೇಕಾದರೆ ಹಾಸನೂರು ದಾಟಿ, ದಿಂಬಂ ಘಾಟಿಯ 27 ತಿರುವುಗಳನ್ನಿಳಿದು, ಸತ್ಯಮಂಗಲದ ಮೂಲಕ ನೂರು ಕಿಲೋಮೀಟರಿಗೂ ಹೆಚ್ಚು ಸಾಗಬೇಕು. ಚಾಮರಾಜನಗರವಾದರೆ ಬಸ್ಸಿನಲ್ಲಿ ಒಂದು ನಿದ್ದೆಯ ದೂರ. ಸುತ್ತ ಕಾಡು. 2013ರಲ್ಲಿ ಅದು ಹುಲಿ ಸಂರಕ್ಷಿತ ಪ್ರದೇಶವಾಯಿತು. ಕೋಸು, ಆಲೂಗಡ್ಡೆ, ಬೆಳ್ಳುಳ್ಳಿ, ಬಾಳೆ ಬೆಳೆಯುವ ಊರುಗಳು. ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ಇಲ್ಲಿಯ ಚಳಿ ಬಯಲಿನವರಿಗೆ ಹೇಳಿದರೆ ನಂಬುವುದಿಲ್ಲ.

ಈಗ ಕತೆಗೆ ಬರೋಣ. ನಮ್ಮ ಧರ್ಮಕೇಂದ್ರದ ಒಬ್ಬ ಯುವಕ ತಿರುಪ್ಪೂರಿನ ಬನಿಯನ್ ಕಾರ್ಖಾನೆಯಲ್ಲಿ ಏಳೆಂಟು ವರ್ಷ ದುಡಿದು, ಕೆಲಸ ಹೋದ ಮೇಲೆ ಊರಿಗೆ ಮರಳಿದ. ಮನೆಯಲ್ಲಿ ತಾಯಿಯೊಬ್ಬರೇ. ಜಮೀನು ಹೇಳಿಕೊಳ್ಳುವಷ್ಟಿಲ್ಲ. ತಿರುಪ್ಪೂರಿನ ಬೀದಿಗಳಲ್ಲಿ ರಾತ್ರಿ ಹೊತ್ತು ಇದ್ದಿಲ ಮೇಲೆ ಕೋಳಿ ಸುಟ್ಟು ಮಾರುವವರನ್ನು ನೋಡಿದ್ದನಾದ್ದರಿಂದ ಇಲ್ಲಿಯೂ ಒಂದು ಗಾಡಿ ಹಾಕುವ ಯೋಚನೆ ಅವನಿಗೆ ಬಂತು. ಒಂದು ಕಬ್ಬಿಣದ ಡ್ರಮ್ಮನ್ನು ಉದ್ದಕ್ಕೆ ಸೀಳಿಸಿ, ಕಾಲು ಬೆಸೆಸಿ, ತಳ್ಳುವ ಗಾಡಿಯ ಮೇಲೆ ಕೂರಿಸಿದ. ಒಂದು ಭಾನುವಾರ ಪೂಜೆ ಮುಗಿದ ಮೇಲೆ ತಾಯಿಯನ್ನು ಮುಂದೆ ಬಿಟ್ಟುಕೊಂಡು ಬಂದ.

"ಸ್ವಾಮಿ, ಒಂದ್ಸಲ ಬಂದು ಗಾಡಿ ಮಂತ್ರಿಸಿಕೊಡಬೇಕು."

ತೀರ್ಥ ತೆಗೆದುಕೊಂಡು ಹೋದೆವು. ಪ್ರಾರ್ಥನೆ ಹೇಳಿ ತೀರ್ಥ ಚಿಮುಕಿಸುವಾಗ ಕಣ್ಣು ಡ್ರಮ್ಮಿನ ಮೇಲಿದ್ದ ಜಾಲರಿಯ ಮೇಲೆ ಬಿತ್ತು. ಬೆಳ್ಳಗೆ ಹೊಳೆಯುತ್ತಿತ್ತು, ಅಲ್ಲಲ್ಲಿ ಲೇಪ ಸಿಪ್ಪೆಯ ಹಾಗೆ ಎದ್ದಿತ್ತು. ಎಲ್ಲಿಂದ ತಂದೆಯಪ್ಪಾ ಎಂದರೆ, ಗುಜರಿ ಅಂಗಡಿಯಲ್ಲಿ ಬಿದ್ದಿದ್ದ ಹಳೆಯ ಫ್ರಿಜ್ಜಿನ ಒಳಗಿನ ತಟ್ಟೆಗಳಂತೆ. ಎರಡಕ್ಕೆ ನೂರು ರೂಪಾಯಿ. ಅಳತೆ ತಾನಾಗಿಯೇ ಕೂತಿದೆ, ನೋಡಿ ಎಂದು ಖುಷಿಯಿಂದ ತೋರಿಸಿದ.

ಇಲ್ಲಿ ನಾವು ಒಂದು ಕೆಟ್ಟ ಕೆಲಸ ಮಾಡಬೇಕಾಯಿತು. ಮಂತ್ರಿಸಿದ ಕೈಯಲ್ಲೇ ಆ ಜಾಲರಿಯನ್ನು ಎತ್ತಿ ಕೆಳಗಿಟ್ಟು, ಇದರ ಮೇಲೆ ಯಾರಿಗೂ ಏನನ್ನೂ ಸುಟ್ಟುಕೊಡಬೇಡ ಎಂದೆವು. ಅವನ ಮುಖ ಸಣ್ಣಗಾಯಿತು. ತಾಯಿ ಮಾತ್ರ ಬಿಡಲಿಲ್ಲ. "ಕಂಬಿಗೂ ಕಂಬಿಗೂ ಏನ್ ಸ್ವಾಮಿ ವ್ಯತ್ಯಾಸ? ಬೆಂಕಿ ತಾನೇ ಬೇಯಿಸೋದು?" ಎಂದರು.

ನ್ಯಾಯವಾದ ಪ್ರಶ್ನೆ. ಹಳೆಯ ಫ್ರಿಜ್ಜಿನ ತಟ್ಟೆಗಳು ತುಕ್ಕು ಹಿಡಿಯದಿರಲೆಂದು ಅವುಗಳಿಗೆ ಸತುವಿನ ಲೇಪ, ಕೆಲವಕ್ಕೆ ಕ್ಯಾಡ್ಮಿಯಂ ಲೇಪ ಕೊಟ್ಟಿರುತ್ತಾರೆ. ತಣ್ಣನೆಯ ಪೆಟ್ಟಿಗೆಯೊಳಗೆ ಅದರಿಂದ ಏನೂ ತೊಂದರೆಯಿಲ್ಲ. ಆದರೆ ಸತು 420 ಡಿಗ್ರಿ ಸೆಲ್ಸಿಯಸ್ಸಿಗೇ ಕರಗುವ ಲೋಹ, ಗಾಳಿ ಹಾಕಿದ ಇದ್ದಿಲ ಕೆಂಡವೋ 700 ಡಿಗ್ರಿ ದಾಟುತ್ತದೆ. ಮೇಲಾಗಿ ನಾವು ಕೋಳಿಗೆ ಹಚ್ಚುವುದು ನಿಂಬೆಹುಳಿ, ಮೊಸರು. ಹುಳಿ ತಗುಲಿದರೆ ಸತು ಕರಗಿ ಊಟಕ್ಕಿಳಿಯುತ್ತದೆ. ತಿಂದವರಿಗೆ ಹೊಟ್ಟೆ ತೊಳಸಿ ವಾಂತಿಯಾಗುತ್ತದೆ. ಕ್ಯಾಡ್ಮಿಯಂ ಇನ್ನೂ ಕೆಟ್ಟದ್ದು, ಮೂತ್ರಪಿಂಡದಲ್ಲಿ ಸೇರಿಕೊಂಡರೆ ವರ್ಷಗಟ್ಟಲೆ ಬಿಟ್ಟು ಹೋಗುವುದಿಲ್ಲ. ಬೇಲಿಗೆ ಕಟ್ಟುವ ಜಿಐ ಜಾಲರಿಯೂ ಸತುವಿನದೇ. ಹಬ್ಬದ ದಿನ ಅದನ್ನೇ ಕತ್ತರಿಸಿ ಒಲೆಯ ಮೇಲೆ ಹಾಸುವವರನ್ನು ನಾವು ಕಂಡಿದ್ದೇವೆ. ಅವರಿಗೂ ಈ ಮಾತು ಸಲ್ಲುತ್ತದೆ.

ಹೇಳುವುದೇನೋ ಹೇಳಿದೆವು. ರಾತ್ರಿ ಮಲಗಿದ ಮೇಲೆ ನಿದ್ದೆ ಬರಲಿಲ್ಲ. ಅವನ ಹತ್ತಿರ ಇದ್ದದ್ದನ್ನು ಕಿತ್ತುಕೊಂಡೆವು, ಬದಲಿಗೆ ಏನು ಕೊಟ್ಟೆವು? ಬೇಡವೆನ್ನುವುದಕ್ಕೆ ನಮಗೆ ಖರ್ಚಿಲ್ಲ. ಅವನಿಗೆ ಒಂದೊಂದು ಸಂಜೆಯೂ ಖರ್ಚು. ಹಾಗಾಗಿ, ಯಾವ ಜಾಲರಿ ಒಳ್ಳೆಯದು ಎಂದು ನಾವೇ ಪರೀಕ್ಷೆ ಮಾಡಿ ಹೇಳುತ್ತೇವೆ, ಒಂದು ತಿಂಗಳು ತಾಳು ಎಂದು ಮರುದಿನ ಹೇಳಿಕಳಿಸಿದೆವು. ಆ ಒಂದು ತಿಂಗಳು ಮೂರಾಯಿತು ಎಂಬುದು ಬೇರೆ ಮಾತು.

ಪರೀಕ್ಷೆಗೆ ಒಲೆ ನಮ್ಮಲ್ಲೇ ಇತ್ತು. ನಮ್ಮ ಕುಟುಂಬವೊಂದರ ಮಗ ಬೆಂಗಳೂರಿನಿಂದ ವಿದೇಶಕ್ಕೆ ಹೋಗುವಾಗ ತನ್ನ ಗುಂಡು ಮುಚ್ಚಳದ ಇದ್ದಿಲೊಲೆಯನ್ನು ಗುರುನಿಲಯಕ್ಕೆ ತಂದಿಟ್ಟು ಹೋಗಿದ್ದ. ದೊಡ್ಡ ಹಂಡೆಯ ಹಾಗಿರುವ ಈ ಒಲೆಯನ್ನು 1952ರಲ್ಲಿ ಅಮೆರಿಕದ ಶಿಕಾಗೋ ಹತ್ತಿರ ಜಾರ್ಜ್ ಸ್ಟೀಫನ್ ಎಂಬವರು ಮಾಡಿದರು. ನೀರಿನಲ್ಲಿ ತೇಲಿಬಿಡುವ ಲೋಹದ ಬುರುಡೆಗಳನ್ನು ತಯಾರಿಸುವ ಕಾರ್ಖಾನೆಯಲ್ಲಿ ಅವರಿಗೆ ಕೆಲಸ. ಗಾಳಿಗೆ ಬೂದಿ ಹಾರಿ ಮಾಂಸದ ಮೇಲೆ ಬೀಳುತ್ತದೆಂದು ಬೇಸತ್ತು, ಅಂಥ ಬುರುಡೆಯೊಂದನ್ನು ಎರಡು ಹೋಳು ಮಾಡಿ ಕೆಳಗಿನದನ್ನು ಒಲೆ, ಮೇಲಿನದನ್ನು ಮುಚ್ಚಳ ಮಾಡಿದರಂತೆ. ನಮ್ಮದು ಅದೇ ಆಕಾರದ ಬೇರೊಂದು ಹೆಸರಿನ ಒಲೆ. ಒಲೆಯೇನೋ ಗಟ್ಟಿಯಾಗಿತ್ತು, ಅದರ ಜೊತೆ ಬಂದ ಜಾಲರಿ ಮಾತ್ರ ಎರಡು ಮಳೆಗಾಲಕ್ಕೇ ತುಕ್ಕು ಹಿಡಿದು, ನಡುವೆ ಬಾಗಿ, ತೊಟ್ಟಿಲಿನಂತಾಗಿತ್ತು. ಹಾಗಾಗಿ ಬದಲಿ ಜಾಲರಿ ನಮಗೂ ಬೇಕಾಗಿತ್ತೆಂದು ಒಪ್ಪಿಕೊಳ್ಳುತ್ತೇವೆ.

ಮೊದಲು ಹೋದದ್ದು ಊರಿನ ವೆಲ್ಡಿಂಗ್ ಅಂಗಡಿಗೆ. 8 ಮಿಲಿಮೀಟರ್ ದಪ್ಪದ ನುಣುಪಾದ ಕಬ್ಬಿಣದ ಸರಳು, ಎರಡರ ನಡುವೆ ಕಿರುಬೆರಳಷ್ಟು ಸಂದು, ಸುತ್ತ ಒಂದು ಬಳೆ. ಇಷ್ಟೇ ನಾವು ಹೇಳಿದ್ದು. ಕಾಂಕ್ರೀಟಿಗೆ ಹಾಕುವ ಗೀರು ಗೀರಿನ ಕಂಬಿ ಬೇಡ, ಆ ಗೀರುಗಳಲ್ಲಿ ಮಾಂಸ ಸಿಕ್ಕಿಕೊಳ್ಳುತ್ತದೆ ಎಂದೂ ಹೇಳಿದೆವು. ಎರಡು ದಿನ ಬಿಟ್ಟು ಹೋದರೆ ಕೆಲಸ ಅಚ್ಚುಕಟ್ಟಾಗಿತ್ತು. ಆದರೆ ಸ್ವಾಮಿಗಳ ಕೆಲಸವೆಂಬ ಗೌರವಕ್ಕೆ ಆ ಪುಣ್ಯಾತ್ಮರು ಇಡೀ ಜಾಲರಿಗೆ ಬೆಳ್ಳಿ ಬಣ್ಣ ಬಳಿದು ಒಣಗಲಿಟ್ಟಿದ್ದರು! ಬಣ್ಣಕ್ಕೆ ದುಡ್ಡೂ ತೆಗೆದುಕೊಳ್ಳಲಿಲ್ಲ. ಒಂದು ಇಡೀ ದಿನ ಅದನ್ನು ಸುಟ್ಟು, ಕೆರೆದು, ಉಜ್ಜಿ ಬಣ್ಣ ತೆಗೆಯುವಷ್ಟರಲ್ಲಿ ನಮ್ಮ ಉಪದೇಶಿಯವರ ತಾಳ್ಮೆಯೂ ಉಜ್ಜಿಹೋಯಿತು. ಬಣ್ಣ ಬೇಡ ಎಂದು ಮೊದಲೇ ಹೇಳಬೇಕಾದದ್ದು ನಮ್ಮ ಕೆಲಸ. ನೀವು ಮಾಡಿಸುವುದಾದರೆ ಮರೆಯಬೇಡಿ. ಒಟ್ಟು ಖರ್ಚು 900 ರೂಪಾಯಿ, ತೂಕ ನಾಲ್ಕೂವರೆ ಕಿಲೋ.

ಎರಡನೆಯದು ಸ್ಟೇನ್‌ಲೆಸ್ ಸ್ಟೀಲಿನದು. ಬೆಂಗಳೂರಿನಲ್ಲಿರುವ ನಮ್ಮ ಅಕ್ಕನ ಮಗ ಆನ್‌ಲೈನಿನಲ್ಲಿ ತರಿಸಿ, ಬಸ್ಸಿಗೆ ಹಾಕಿ ಕಳಿಸಿದ. 1,850 ರೂಪಾಯಿ. ನೋಡಲು ಪೂಜಾಪಾತ್ರೆಯಂತೆ ಮಿರಿಮಿರಿ. ಅಯಸ್ಕಾಂತ ಅಂಟದಿದ್ದರೆ ಒಳ್ಳೆಯ ಸ್ಟೀಲು ಎಂದು ಪಾತ್ರೆ ಅಂಗಡಿಯವರು ಹೇಳುವುದನ್ನು ನೀವೂ ಕೇಳಿರಬಹುದು. ಅದು ಅರ್ಧ ಸತ್ಯ. 304 ಎಂಬ ಒಳ್ಳೆಯ ಜಾತಿಗೂ ಅಯಸ್ಕಾಂತ ಅಂಟುವುದಿಲ್ಲ, ನಿಕ್ಕಲ್ ಕಡಿಮೆ ಹಾಕಿ ಮ್ಯಾಂಗನೀಸ್ ಸೇರಿಸಿದ 202 ಎಂಬ ಅಗ್ಗದ ಜಾತಿಗೂ ಅಂಟುವುದಿಲ್ಲ. ಎರಡನೆಯದು ಬೇಗ ತುಕ್ಕು ಹಿಡಿಯುತ್ತದೆ. ಕ್ರೋಮಿಯಂ ಲೇಪದ ಮಾಮೂಲು ಕಬ್ಬಿಣವನ್ನೇ ಸ್ಟೀಲ್ ಎಂದು ಮಾರುವುದನ್ನು ಹಿಡಿಯಲು ಅಯಸ್ಕಾಂತ ಸಾಕು, ಅದಕ್ಕಿಂತ ಹೆಚ್ಚು ಅದರಿಂದಾಗದು.

ಮೂರನೆಯದು ಬೀಡುಕಬ್ಬಿಣ. ಎರಕದ ಕಬ್ಬಿಣವೆಂದರೆ ನಮಗೆ ಕೊಯಮತ್ತೂರೇ. ಮೋಟಾರು, ಪಂಪುಗಳಿಗೆ ಎರಕ ಹೊಯ್ಯುವ ನೂರಾರು ಕುಲುಮೆಗಳು ಅಲ್ಲಿವೆ. ಸಭೆಗೆಂದು ಆ ಕಡೆ ಹೋಗಿದ್ದಾಗ ಒಂದು ಅಂಗಡಿಯಲ್ಲಿ ಅರ್ಧಚಂದ್ರದಂಥ ಎರಡು ಹೋಳು ಸಿಕ್ಕವು. ಜೋಡಿಗೆ 2,400 ರೂಪಾಯಿ, ಎಂಟು ಕಿಲೋ ಭಾರ. 2022ರ ಫೆಬ್ರವರಿಯಿಂದ ದಿಂಬಂ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದದ್ದು ನಿಮಗೆ ತಿಳಿದದ್ದೇ. ಬೆಳಕಿರುವಾಗಲೇ ಘಾಟಿ ಹತ್ತಬೇಕೆಂದು ಸಭೆಯ ಕೊನೆಯ ಭಾಷಣವನ್ನು ಬಿಟ್ಟು ಹೊರಟೆವು. ಜಾಲರಿಗಾಗಿ ಬಿಟ್ಟೆವೆಂದು ಈವರೆಗೆ ಯಾರಿಗೂ ಹೇಳಿರಲಿಲ್ಲ.

ಬೀಡುಕಬ್ಬಿಣವನ್ನಾಗಲಿ, ವೆಲ್ಡಿಂಗ್ ಅಂಗಡಿಯ ಸರಳನ್ನಾಗಲಿ ತಂದಕೂಡಲೇ ಬಳಸುವಂತಿಲ್ಲ, ಪಳಗಿಸಬೇಕು. ನಾವು ಇಂಗ್ಲಿಷ್ ಪುಸ್ತಕದಲ್ಲಿ ಓದಿ ಏನೇನೋ ವಿವರಿಸುತ್ತಿದ್ದಾಗ ಗುರುನಿಲಯದ ಅಡುಗೆಯ ಅಜ್ಜಿ, "ಇದೇನ್ ಸ್ವಾಮಿ ಹೊಸ ವಿದ್ಯೆ? ದೋಸೆಕಲ್ಲು ಪಳಗಿಸೋದ್ ತಾನೇ?" ಎಂದು ಕೈಯಿಂದ ಕಿತ್ತುಕೊಂಡರು. ಚೆನ್ನಾಗಿ ತೊಳೆದು ಒಣಗಿಸಿ, ಕಡಲೆಕಾಯಿ ಎಣ್ಣೆಯನ್ನು ಬಟ್ಟೆಯಲ್ಲಿ ತೆಳ್ಳಗೆ ಸವರಿ, ಕೆಂಡದ ಮೇಲಿಟ್ಟು ಮುಚ್ಚಳ ಹಾಕಿ ಒಂದು ಗಂಟೆ ಬಿಟ್ಟರು. ಆರಿದ ಮೇಲೆ ಮತ್ತೊಂದು ಸಲ, ಮರುದಿನ ಮತ್ತೊಂದು ಸಲ. ಕಾದ ಎಣ್ಣೆ ಕಬ್ಬಿಣದ ಮೈಗೆ ಗಟ್ಟಿಯಾಗಿ ಹಿಡಿದು ಕರಿ ಅರಗಿನಂಥ ಪದರವಾಗುತ್ತದೆ. ತುಕ್ಕನ್ನೂ ತಡೆಯುತ್ತದೆ, ಮಾಂಸ ಅಂಟುವುದನ್ನೂ ತಡೆಯುತ್ತದೆ. ಎಣ್ಣೆ ಹೆಚ್ಚಾದರೆ ಅಂಟಂಟಾಗಿ ಕೆಡುತ್ತದೆ. ಹುಣಸೆಹಣ್ಣು ಹಾಕಿ ತಿಕ್ಕಿದರೆ ಪದರವೇ ಹೋಗುತ್ತದೆ. ಪ್ರತಿ ಸಲ ಸುಡುವ ಮೊದಲು ಅರ್ಧ ಈರುಳ್ಳಿಯನ್ನು ಎಣ್ಣೆಗದ್ದಿ ಕಾದ ಸರಳಿನ ಮೇಲೆ ಉಜ್ಜುವುದೂ ಅಜ್ಜಿಯ ಪಾಠವೇ.

ಪರೀಕ್ಷೆಯ ದಿನ ನ್ಯಾಯವಾಗಿರಲೆಂದು ಒಂದೇ ಅಂಗಡಿಯ ಕೋಳಿ, ಒಂದೇ ಮಸಾಲೆ, ಒಂದೇ ಇದ್ದಿಲು. ಇದ್ದಿಲು ರಾಮನಾಥಪುರದ ಕಡೆಯದು. ನಾವು ಬಳ್ಳಾರಿ ಜಾಲಿ ಎನ್ನುವ, ತಮಿಳರು ಸೀಮೆ ಕರುವೇಲಂ ಎನ್ನುವ ಮುಳ್ಳುಮರವನ್ನು ಸುಟ್ಟು ಮಾಡಿದ್ದು. ನಮ್ಮ ಕಾಡಿನ ಸೌದೆಯನ್ನು ಮುಟ್ಟಿಲ್ಲವೆಂದು ಅರಣ್ಯ ಇಲಾಖೆಯವರು ಓದುತ್ತಿದ್ದರೆ ದಯವಿಟ್ಟು ಗಮನಿಸಬೇಕು. ತೀರ್ಪುಗಾರರಾಗಿ ಕಾನ್ವೆಂಟಿನ ಮೂವರು ಸಿಸ್ಟರ್‌ಗಳು, ಉಪದೇಶಿ, ನಾಲ್ವರು ಪೀಠಬಾಲಕರು, ಗಾಡಿಯ ಯುವಕ ಮತ್ತು ಅವನ ತಾಯಿ.

ಫಲಿತಾಂಶ ಒಂದೇ ಮಾತಿನಲ್ಲಿ ಹೇಳುವಂಥದ್ದಲ್ಲ. ಒಲೆಯ ಜೊತೆ ಬಂದ ತೆಳು ಜಾಲರಿಯ ಮೇಲೆ ಕೋಳಿ ಬೆಂದಿತು, ಆದರೆ ಸರಳಿನ ಗುರುತು ಹೆಸರಿಗಷ್ಟೇ. ಬೀಡುಕಬ್ಬಿಣದ್ದು ಬೇರೆಯೇ. ತುಂಡು ಇಟ್ಟಕೂಡಲೇ ಚರ್ರೆಂದಿತು, ತಿರುವಿದಾಗ ಬರೆ ಎಳೆದಂತೆ ಕಂದು ಗೆರೆಗಳು. ಇದರ ಮರ್ಮ ಇಷ್ಟೇ. ಮಾಂಸದ ಮೈ ಸುಮಾರು 140 ಡಿಗ್ರಿ ಮುಟ್ಟಿದ ಮೇಲೆ ಚೆನ್ನಾಗಿ ಕಂದಾಗಿ ಘಮ್ಮೆನ್ನುತ್ತದೆ. ಫ್ರಾನ್ಸಿನ ಮಯ್ಯಾರ್ ಎಂಬ ರಸಾಯನಶಾಸ್ತ್ರಜ್ಞರು 1912ರಲ್ಲಿ ಈ ಕ್ರಿಯೆಯನ್ನು ವಿವರಿಸಿದರು. ತಣ್ಣನೆಯ ಮಾಂಸ ಬಿದ್ದಾಗ ತೆಳು ಕಂಬಿ ತಾನೇ ತಣ್ಣಗಾಗಿಬಿಡುತ್ತದೆ. ದಪ್ಪ ಸರಳು ತನ್ನೊಳಗೆ ಕೂಡಿಟ್ಟ ಶಾಖವನ್ನು ಮಾಂಸಕ್ಕೆ ಧಾರೆಯೆರೆಯುತ್ತದೆ. 4 ಮಿಲಿಮೀಟರಿನ ಕಂಬಿಗಿಂತ 8 ಮಿಲಿಮೀಟರಿನದರಲ್ಲಿ ಒಂದು ಮೀಟರಿಗೆ ನಾಲ್ಕು ಪಟ್ಟು ಲೋಹವಿರುತ್ತದೆ, ಎರಡು ಪಟ್ಟಲ್ಲ. ನಮ್ಮ ಪೀಠಬಾಲಕರಲ್ಲಿ ಒಬ್ಬನೂ ಇದನ್ನು ಲೆಕ್ಕ ಮಾಡಿ ಹೇಳಲಿಲ್ಲ. ಸ್ಟೇನ್‌ಲೆಸ್ ಸ್ಟೀಲು ಶಾಖವನ್ನು ಸಾಗಿಸುವುದು ಮಾಮೂಲು ಕಬ್ಬಿಣದ ಮೂರನೇ ಒಂದು ಪಾಲಿನಷ್ಟೇ. ಆದ್ದರಿಂದ ಅದರ ಗೆರೆಗಳು ಮಂಕಾದವು, ಮೊದಲ ಸಲ ಚರ್ಮವೂ ಅಂಟಿ ಕಿತ್ತು ಬಂತು. ತೊಳೆಯುವುದರಲ್ಲಿ ಮಾತ್ರ ಅದಕ್ಕೆ ಸಮವಿಲ್ಲ.

ಸಿಸ್ಟರ್‌ಗಳ ಮತ ಬೀಡುಕಬ್ಬಿಣಕ್ಕೆ. ಪೀಠಬಾಲಕರ ಮತ ಯಾವುದರ ಮೇಲೆ ಹೆಚ್ಚು ತುಂಡು ಉಳಿದಿತ್ತೋ ಅದಕ್ಕೆ. ಯುವಕ ಮಾತ್ರ ಮಾತಾಡದೆ ಇದ್ದಿಲ ಚೀಲವನ್ನೇ ನೋಡುತ್ತಿದ್ದ. ಬೀಡುಕಬ್ಬಿಣ ಕಾಯಲು ಇಪ್ಪತ್ತು ನಿಮಿಷ ತೆಗೆದುಕೊಂಡಿತ್ತು, ವೆಲ್ಡಿಂಗ್ ಅಂಗಡಿಯದು ಹತ್ತೇ ನಿಮಿಷ. "ದಿನಾ ಹತ್ತು ನಿಮಿಷದ ಇದ್ದಿಲು ಸುಮ್ನೆ ಉರೀತದ ಸ್ವಾಮಿ" ಎಂದ. ಕೂತು ತಿನ್ನುವ ನಮಗೆ ಹೊಳೆಯದ ಲೆಕ್ಕ ಅದು.

ತೀರ್ಪು ಇನ್ನೂ ಎಳೆದಾಡುತ್ತಿದ್ದಾಗ ಅದನ್ನು ನಾವೇ ಮುಗಿಸಿದೆವು. ಮಸಾಲೆ ಹತ್ತಿದ್ದನ್ನು ಬಿಸಿಯಿರುವಾಗಲೇ ತೆಗೆದರೆ ಸುಲಭವೆಂದು, ಕೆಂಡದ ಮೇಲಿದ್ದ ಬೀಡುಕಬ್ಬಿಣದ ಮೇಲೆ ಒಂದು ಚೊಂಬು ನೀರು ಹುಯ್ಯಿ ಎಂದು ಹುಡುಗನಿಗೆ ಹೇಳಿದೆವು. ಗುಂಡು ಹೊಡೆದಂಥ ಸದ್ದು. ಒಂದು ಹೋಳು ನಡುವೆ ಸೀಳಿ ಎರಡಾಯಿತು. ಎರಕದ ಕಬ್ಬಿಣದೊಳಗೆ ಇಂಗಾಲ ಪದರು ಪದರಾಗಿ ಹರಡಿರುವುದರಿಂದ ಅದು ಬಾಗುವುದಿಲ್ಲ, ಬಿರಿಯುತ್ತದೆ. ಇದನ್ನು ಪುಸ್ತಕದಲ್ಲಿ ನಾವು ಓದಿದ್ದು ಆ ರಾತ್ರಿ. ಹುಡುಗ ತಾನೇ ತಪ್ಪು ಮಾಡಿದೆನೆಂದು ಅಳತೊಡಗಿದ. ತಪ್ಪು ನಮ್ಮದು ಎಂದು ಎಲ್ಲರ ಎದುರು ಹೇಳಬೇಕಾಯಿತು.

ಜಾಲರಿ, ಕೆಂಡ ಎಂದಾಗ ನಮ್ಮಂಥವರಿಗೆ ಸಂತ ಲಾರೆನ್ಸರು ನೆನಪಾಗದಿರುವುದಿಲ್ಲ. ಕ್ರಿ.ಶ. 258ರ ಆಗಸ್ಟ್ 10ರಂದು ವಲೇರಿಯನ್ ಚಕ್ರವರ್ತಿಯ ಕಾಲದಲ್ಲಿ ರೋಮಿನಲ್ಲಿ ರಕ್ತಸಾಕ್ಷಿಯಾದ ಉಪಯಾಜಕರು. ಧರ್ಮಸಭೆಯ ನಿಧಿಯನ್ನು ತಂದೊಪ್ಪಿಸು ಎಂದಾಗ ಬಡವರನ್ನೂ ಅಂಗವಿಕಲರನ್ನೂ ಕರೆತಂದು ನಿಲ್ಲಿಸಿದರೆಂದೂ, ಕಬ್ಬಿಣದ ಜಾಲರಿಯ ಮೇಲೆ ಸುಡುವಾಗ ಒಂದು ಮಗ್ಗುಲು ಬೆಂದಿದೆ, ಮಗುಚಿ ಹಾಕಿ ಎಂದರೆಂದೂ ಪರಂಪರೆ ಹೇಳುತ್ತದೆ. ಆ ಕಾಲದ ಶಿಕ್ಷೆಯ ಕ್ರಮವನ್ನು ನೋಡಿದರೆ ಶಿರಚ್ಛೇದವೇ ಆಗಿರಬೇಕೆಂದು ಅನೇಕ ಚರಿತ್ರಕಾರರ ಅಭಿಪ್ರಾಯ. ಏನೇ ಇರಲಿ, ಅಡುಗೆಯವರು ಅವರನ್ನು ತಮ್ಮ ಪಾಲಕ ಸಂತರೆಂದು ಕರೆದುಕೊಂಡಿದ್ದಾರೆ. ಆ ಜಾಲರಿ ಎನ್ನಲಾದದ್ದು ರೋಮಿನ ಸಾನ್ ಲೊರೆಂಜೊ ಇನ್ ಲುಚಿನಾ ದೇವಾಲಯದಲ್ಲಿದೆ. ವಿಮೋಚನಾಕಾಂಡದ 27ನೇ ಅಧ್ಯಾಯದಲ್ಲಿ ಬಲಿಪೀಠಕ್ಕೆ ಕಂಚಿನ ಜಾಲರಿ ಮಾಡಿ ಅದರ ನಾಲ್ಕು ಮೂಲೆಗೆ ಬಳೆ ಹಾಕಬೇಕೆಂಬ ವಿವರವಿದೆ. ಸೆಮಿನರಿಯಲ್ಲಿ ಆ ಅಧ್ಯಾಯಗಳನ್ನು ನಾವು ಬೇಸರದಿಂದ ದಾಟಿ ಹೋಗುತ್ತಿದ್ದೆವು. ವೆಲ್ಡಿಂಗ್ ಅಂಗಡಿಯಲ್ಲಿ ನಿಂತು, ಎತ್ತಿಡಲು ಎರಡು ಬಳೆ ಹಾಕಿಕೊಡಿ ಎಂದು ಹೇಳುವಾಗ ಆ ವಿವರ ಯಾಕೆ ಬೇಕಿತ್ತೆಂದು ತಿಳಿಯಿತು. ಹಿಡಿಯಿಲ್ಲದ ಬಿಸಿ ಜಾಲರಿಯನ್ನು ಎತ್ತಿ ನೋಡಿ!

ಕೊನೆಗೆ ಯುವಕನ ಡ್ರಮ್ಮಿಗೆ 8 ಮಿಲಿಮೀಟರ್ ಸರಳಿನ ಎರಡು ಜಾಲರಿಗಳನ್ನು ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಿದೆವು, ಬಳೆ ಸಹಿತ, ಬಣ್ಣ ರಹಿತ. ಬಾಗಿದರೆ ತಟ್ಟಿ ನೆಟ್ಟಗೆ ಮಾಡಬಹುದು, ಬೆಸುಗೆ ಬಿಟ್ಟರೆ ಅಲ್ಲೇ ಹಾಕಿಸಬಹುದು, ಘಾಟಿ ಇಳಿಯಬೇಕಾಗಿಲ್ಲ. ಮನೆಯಲ್ಲಿ ತಿಂಗಳಿಗೊಮ್ಮೆ ಸುಡುವವರಾದರೆ ನಮ್ಮ ಶಿಫಾರಸು ಸ್ಟೇನ್‌ಲೆಸ್ಸಿಗೆ. ಪಳಗಿಸುವ ಗೋಜಿಲ್ಲ, ಮಳೆಗಾಲದಲ್ಲಿ ಮರೆತರೂ ಹಾಳಾಗದು. ಬೀಡುಕಬ್ಬಿಣ ತಾಳ್ಮೆಯಿದ್ದವರಿಗೆ. ಯಾವುದಾದರೂ ಸರಿ, ಉಜ್ಜಲು ತಂತಿಯ ಬ್ರಷ್ ಬೇಡ. ಅದರ ಒಂದು ಎಳೆ ಕಳಚಿ ಮಾಂಸಕ್ಕಂಟಿ ಗಂಟಲಿಗೆ ಹೋದರೆ ಆಪರೇಷನ್ನಿನ ತನಕ ಹೋಗುತ್ತದೆ. ತೆಂಗಿನ ನಾರು ಸಾಕು. ಕೋಳಿ ಬೆಂದಿದೆಯೇ ಎಂಬುದಕ್ಕೆ ಹೊರಗಿನ ಗೆರೆಗಳನ್ನು ನಂಬಬೇಡಿ. ತೊಡೆಯ ಮೂಳೆಯ ಹತ್ತಿರ 74 ಡಿಗ್ರಿ ಮುಟ್ಟಿರಬೇಕು. ಅಳೆಯುವ ಕಡ್ಡಿ ಈಗ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಹೊರಗೆ ಕರಿ, ಒಳಗೆ ಹಸಿ ಎಂಬಂಥ ಕೋಳಿಯನ್ನು ಎಷ್ಟು ಹಬ್ಬಗಳಲ್ಲಿ ನುಂಗಿದ್ದೇವೋ ದೇವರಿಗೇ ಗೊತ್ತು.

ಗಾಡಿ ಚೆನ್ನಾಗಿಯೇ ಶುರುವಾಯಿತು. ಆನೆ, ಚಿರತೆಗಳ ಭಯದಿಂದ ನಮ್ಮ ಕಡೆ ಕತ್ತಲಾದ ಮೇಲೆ ಜನ ಹೆಚ್ಚು ಹೊತ್ತು ಹೊರಗಿರುವುದಿಲ್ಲ. ಎಂಟು ಗಂಟೆಗೆಲ್ಲಾ ಅವನ ವ್ಯಾಪಾರ ಮುಗಿಯುತ್ತಿತ್ತು, ಡ್ರಮ್ಮಿನಲ್ಲಿ ಕೆಂಡ ಇನ್ನೂ ಅರ್ಧ ಉಳಿದಿರುತ್ತಿತ್ತು. ಅದನ್ನು ಅವನು ಏನು ಮಾಡುತ್ತಾನೆಂದು ನಾವು ಕೇಳಲೇ ಇಲ್ಲ. ಜಾಲರಿಯ ಬಗ್ಗೆ ಮೂರು ತಿಂಗಳು ತಲೆ ಕೆಡಿಸಿಕೊಂಡವರು ಕೆಂಡದ ಬಗ್ಗೆ ಒಂದು ಮಾತೂ ಆಡಲಿಲ್ಲ.

ಡಿಸೆಂಬರಿನಲ್ಲಿ, ಆಗಮನ ಕಾಲದ ಒಂದು ರಾತ್ರಿ, ಹತ್ತು ಗಂಟೆಯ ಮೇಲೆ ಗುರುನಿಲಯದ ಬಾಗಿಲು ಬಡಿದರು. ಅವನ ಪಕ್ಕದ ಮನೆಯವರು. ತಾಯಿಗೆ ಚಳಿ ತಡೆಯದೆಂದು ಮಗ ಉಳಿದ ಕೆಂಡವನ್ನು ಕಬ್ಬಿಣದ ಬಾಣಲೆಯಲ್ಲಿ ತುಂಬಿ ಮಲಗುವ ಕೋಣೆಯಲ್ಲಿಟ್ಟಿದ್ದ. ಒಂದು ವಾರದಿಂದ ಹಾಗೇ ನಡೆದಿತ್ತಂತೆ. ಅದುವರೆಗೆ ಬಾಗಿಲು ಸಂದಿರುತ್ತಿತ್ತು, ಅಂದು ಗಾಳಿ ಬೀಸುತ್ತಿದೆಯೆಂದು ಬಾಗಿಲು, ಕಿಟಕಿ ಎರಡನ್ನೂ ಭದ್ರವಾಗಿ ಹಾಕಿದ್ದರು. ಮಗ ಹೊರಗೆ ಗಾಡಿ ತೊಳೆಯುತ್ತಿದ್ದ. ಒಳಗೆ ಹೋಗಿ ಅವ್ವಾ ಎಂದು ಕರೆದರೆ ಉತ್ತರವಿಲ್ಲ. ಅಲುಗಾಡಿಸಿದಾಗ ಅರೆಗಣ್ಣು ತೆರೆದು ತಲೆ ಸಿಡಿಯುತ್ತಿದೆ ಎಂದರಂತೆ, ವಾಂತಿ ಮಾಡಿದರಂತೆ. ನಾವು ಹೋಗುವಷ್ಟರಲ್ಲಿ ಅವರನ್ನು ಜಗಲಿಗೆ ತಂದು ಮಲಗಿಸಿದ್ದರು. ಜೀಪಿನಲ್ಲಿ ಆಸ್ಪತ್ರೆಗೆ ಕರೆದೊಯ್ದೆವು. ಆಮ್ಲಜನಕ ಹಾಕಿ ಬೆಳಗಿನ ತನಕ ಇಟ್ಟುಕೊಂಡರು. ಆ ರಾತ್ರಿ ಅಂಕಿತ ತೈಲವನ್ನು ಜೇಬಿನಲ್ಲಿಟ್ಟುಕೊಂಡೇ ಹೋಗಿದ್ದೆವು. ಹಿಂದೆ ಕೂತಿದ್ದ ಮಗ ಅದನ್ನು ನೋಡಿಬಿಟ್ಟ. ದಾರಿಯುದ್ದಕ್ಕೂ ಅವನು ಒಂದು ಮಾತಾಡಲಿಲ್ಲ.

ದೇವರ ದಯೆ, ಅವರು ಉಳಿದರು. ವೈದ್ಯರು ವಿವರಿಸಿದ್ದು ಇಷ್ಟು. ಕೆಂಡ ಹೊಗೆಯಾಡದಿದ್ದರೂ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲವನ್ನು ಬಿಡುತ್ತಲೇ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರಾಡಿದರೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ರಕ್ತಕ್ಕೆ ಕಚ್ಚಿಕೊಂಡು, ಪ್ರಾಣವಾಯುವಿಗೆ ಜಾಗವಿಲ್ಲದಂತೆ ಮಾಡುತ್ತದೆ. ಮೊದಲು ತಲೆನೋವು, ಹೊಟ್ಟೆ ತೊಳಸು, ಆಮೇಲೆ ಮಂಪರು. ಮಂಪರು ಬಂದವರಿಗೆ ಎದ್ದು ಬಾಗಿಲು ತೆಗೆಯಬೇಕೆಂದೇ ತೋಚುವುದಿಲ್ಲ. ಕೋಣೆಯಲ್ಲಿ ನೀರಿನ ಬಿಂದಿಗೆ ಇಟ್ಟರೆ ಸಾಕೆಂದು ಕೆಲವರು ನಂಬಿದ್ದಾರೆ. ಅದರಿಂದ ಏನೂ ಆಗದು. ನೀಲಗಿರಿ, ಕೊಡೈಕೆನಾಲ್ ಕಡೆ ಕೋಳಿ ಸುಟ್ಟ ಒಲೆಯನ್ನೇ ಚಳಿಗೆಂದು ಕೋಣೆಯೊಳಗೆ ಇಟ್ಟುಕೊಂಡು ಮಲಗಿ, ಬೆಳಿಗ್ಗೆ ಏಳದೇ ಹೋದ ಪ್ರವಾಸಿಗರ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದ್ದೆವು. ಅದು ಪ್ರವಾಸಿಗರ ಸುದ್ದಿ ಎಂದು ಪುಟ ತಿರುವಿದ್ದೆವು.

"ನಮ್ಮ ಕಾಲದಲ್ಲಿ ಮನೆ ಒಳಗೇ ಅಗ್ಗಿಷ್ಟಿಕೆ ಇತ್ತಲ್ಲ ಸ್ವಾಮಿ, ಯಾರಿಗೇನಾಯ್ತು?" ಎಂದು ಅಡುಗೆಯ ಅಜ್ಜಿ ಕೇಳಿದರು. ನಿಜ. ಆಗ ಮೇಲೆ ನಾಡಹೆಂಚು, ಗೋಡೆಗೂ ಮಾಡಿಗೂ ನಡುವೆ ಒಂದು ಗೇಣು ಸಂದು, ಬಾಗಿಲ ಹಲಗೆಗಳ ನಡುವೆ ಬೆಳಕು ಕಾಣುತ್ತಿತ್ತು. ಆ ಮನೆ ತಾನೇ ಉಸಿರಾಡುತ್ತಿತ್ತು. ಈಗ ನಾವು ಕಟ್ಟಿಸಿಕೊಟ್ಟ ಮನೆಗಳಿಗೆ ಕಾಂಕ್ರೀಟ್ ಚಾವಣಿ, ಗಾಜಿನ ಕಿಟಕಿ. ಸೊಳ್ಳೆ ಬಾರದಿರಲೆಂದು ಗಾಳಿಗಿಂಡಿಗೂ ಕಾಗದ ಅಂಟಿಸಿರುತ್ತಾರೆ. ಹಳೆಯ ಅಭ್ಯಾಸ ಹೊಸ ಮನೆಗೆ ಬಂದಿದೆ. ಕ್ರಿಸ್ಮಸ್ ಜಾಗರಣೆಗೆ ಮುಂಚಿನ ಭಾನುವಾರ ಪ್ರಸಂಗವನ್ನು ಬದಿಗಿಟ್ಟು ಇದನ್ನೇ ಪೀಠದಿಂದ ಹೇಳಿದೆವು. ಪೂಜೆಯ ನಂತರ ಹನ್ನೊಂದು ಮನೆಯವರು ಬಂದು, ನಾವೂ ಕೆಂಡ ಒಳಗಿಡುತ್ತೇವೆ ಎಂದರು. ಹನ್ನೊಂದು ಮನೆ! ಒಂದು ಮನೆಯಲ್ಲಿ ಹಸುಗೂಸು ಇತ್ತು.

ಈಗ ಯುವಕ ವ್ಯಾಪಾರ ಮುಗಿದಕೂಡಲೇ ಉಳಿದ ಕೆಂಡವನ್ನು ಇಕ್ಕಳದಲ್ಲಿ ಹೆಕ್ಕಿ, ಬಿಗಿಯಾದ ಮುಚ್ಚಳವಿರುವ ಕಬ್ಬಿಣದ ಡಬ್ಬಿಗೆ ಹಾಕಿ, ಅಂಗಳದಲ್ಲೇ ಬಿಡುತ್ತಾನೆ. ಗಾಳಿ ಸಿಗದೆ ಅದು ಆರುತ್ತದೆ. ಮರುದಿನ ಅದೇ ಇದ್ದಿಲಿನಿಂದ ಬೆಂಕಿ ಹೊತ್ತಿಸಿದರೆ ಹೊಸದಕ್ಕಿಂತ ಬೇಗ ಹಿಡಿಯುತ್ತದಂತೆ. ಇದರಿಂದ ವಾರಕ್ಕೆ ಅರ್ಧ ಚೀಲ ಉಳಿಯುತ್ತಿದೆ ಎಂದ. ತಾಯಿಗೆ ಕಾನ್ವೆಂಟಿನಿಂದ ಎರಡು ಕಂಬಳಿ ಬಂದಿವೆ. ಅವರು ಸಂಜೆ ಗಾಡಿಯ ಪಕ್ಕ ಸ್ಟೂಲಿನ ಮೇಲೆ ಕೂತು, ಬಂದವರಿಗೆಲ್ಲಾ ಜಾಲರಿ ತೋರಿಸಿ, "ಇದು ಫ್ರಿಜ್ಜಿನದಲ್ಲ ಕನಪ್ಪ" ಎಂದು ಕೇಳದೆಯೇ ಹೇಳುತ್ತಾರೆ.

ಬಿರಿದ ಬೀಡುಕಬ್ಬಿಣದ ಚೂರುಗಳನ್ನು ಗುಜರಿಗೆ ಹಾಕಲು ಅಜ್ಜಿ ಬಿಡಲಿಲ್ಲ. ಒಂದನ್ನು ಹಿತ್ತಲಿನ ಸೌದೆ ಒಲೆಯ ಮೇಲಿಟ್ಟು ಬದನೆಕಾಯಿ ಸುಡುತ್ತಾರೆ. ಕಳೆದ ವಾರವೂ ಗೊಜ್ಜು ಮಾಡಿದ್ದರು.